ಕೊಟ್ಟಿಗೆಗೆ ಏನು ಹಾಸಲಿ?

ನಮ್ಮೂರಿನ ಸಹಕಾರ ಸಂಘದ ಮಹಡಿಯಲ್ಲಿ ಒಂದು ಸಭಾಂಗಣವಿದೆ. ಸಭಾಂಗಣ ಎಂದರೆ ನಲವತ್ತು ಪ್ಲಾಸ್ಟಿಕ್ ಕುರ್ಚಿ, ಗರಗರ ಎನ್ನುವ ಎರಡು ಫ್ಯಾನು, ಮೂಲೆಯಲ್ಲಿ ಯಾರೋ ತಂದಿಟ್ಟು ಮರೆತ ಗೊಬ್ಬರದ ಚೀಲ. ತಿಂಗಳ ಎರಡನೇ ಭಾನುವಾರ ಸಂಜೆ ನಾಲ್ಕಕ್ಕೆ ಅಲ್ಲಿ ನಾವೊಂದಿಷ್ಟು ಜನ ವಿಜ್ಞಾನದ ಮಾತುಕತೆ ನಡೆಸುತ್ತೇವೆ. ಹೊರಗಿನಿಂದ ಒಬ್ಬ ವಿಜ್ಞಾನಿ ಬರುತ್ತಾರೆ. ಅರ್ಧ ಗಂಟೆ ಅವರ ಮಾತು, ಆಮೇಲೆ ಚಹಾ, ಆಮೇಲೆ ಒಂದೂವರೆ ತಾಸು ಪ್ರಶ್ನೆ. ಹಾರ, ಶಾಲು, ಪ್ರಾರ್ಥನೆ, ವಂದನಾರ್ಪಣೆ ಯಾವುದೂ ಇಲ್ಲ. ಸ್ವಾಗತ ಭಾಷಣವೊಂದನ್ನು ನಿಲ್ಲಿಸುವುದಕ್ಕೇ ನಮಗೆ ಆರು ತಿಂಗಳು ಹಿಡಿಯಿತು.

ಈ ಸಲದ ಮಹಾಸಭೆಯಲ್ಲಿ, ಸಭಾಂಗಣವನ್ನು ಬಾಡಿಗೆಯಿಲ್ಲದೆ ಕೊಡುವುದು ಇನ್ನು ಸಾಕು ಎಂಬ ಮಾತು ಎದ್ದಿತು. ಬಾಡಿಗೆ ಬರೀ ನೆಪ, ಆಕ್ಷೇಪಗಳು ಬೇರೆಯೇ ಇದ್ದವು. ಎದ್ದು ನಿಂತವರಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರಿದ್ದರು, ದೇವಸ್ಥಾನ ಸಮಿತಿಯವರಿದ್ದರು, ನನ್ನ ವಿಚಾರವಾದಿ ಗೆಳೆಯನಿದ್ದ, ಬೆಂಗಳೂರಿನಿಂದ ರಜೆಗೆ ಬಂದ ಸಂಶೋಧನಾ ವಿದ್ಯಾರ್ಥಿಯೂ ಇದ್ದ. ಇಷ್ಟು ಬೇರೆ ಬೇರೆ ದಿಕ್ಕಿನವರು ಒಂದೇ ಮಾತಿಗೆ ಕೈ ಎತ್ತಿದ್ದು ನಮ್ಮೂರಲ್ಲಿ ಅದೇ ಮೊದಲು. ಆಗ ಉತ್ತರ ಕೊಡಲು ಹೊತ್ತಿರಲಿಲ್ಲ. ಊಟಕ್ಕೆ ಎಲೆ ಹಾಕಿಯಾಗಿತ್ತು. ಇಲ್ಲಿ ಕೊಡುತ್ತೇನೆ.

ಮೊದಲು ವಿದ್ಯಾರ್ಥಿಯ ಮಾತು. ವಿಜ್ಞಾನಿಯ ಕೆಲಸ ಸಂಶೋಧನೆ, ಊರೂರು ತಿರುಗಿ ಮಾತಾಡುವುದಲ್ಲ. ತಾಳಗುಪ್ಪ ರೈಲಿನಲ್ಲಿ ರಾತ್ರಿಯಿಡೀ ಕೂತು ಬಂದು ನಲವತ್ತು ಜನಕ್ಕೆ ಪಾಠ ಹೇಳಿ ಮತ್ತೆ ರಾತ್ರಿ ರೈಲು ಹತ್ತಿದರೆ ಅವರ ಎರಡು ದಿನ ಹಾಳು ಎಂದ. ಇದಕ್ಕೆ "ನಮ್ಮ ತೆರಿಗೆಯಲ್ಲಿ ಓದಿದವರು ನಮಗೆ ಲೆಕ್ಕ ಒಪ್ಪಿಸಲಿ" ಎಂದು ಉತ್ತರಿಸುವವರಿದ್ದಾರೆ. ಆ ವಾದ ನನಗೆ ಹಿಡಿಸುವುದಿಲ್ಲ. ಅದರಲ್ಲಿ ಸಾಲ ವಸೂಲಿಗೆ ಬಂದವನ ದನಿಯಿದೆ. ಒತ್ತಾಯಕ್ಕೆ ಬಂದ ವಿಜ್ಞಾನಿ ಹೇಗೆ ಮಾತಾಡುತ್ತಾರೆಂದು ನಾವು ಒಂದೆರಡು ಸಲ ನೋಡಿದ್ದೇವೆ. ನೂರಿಪ್ಪತ್ತು ಸ್ಲೈಡು, ಒಂದೂ ಪ್ರಶ್ನೆಯಿಲ್ಲ.

ಬರುವವರು ತಮ್ಮ ಖುಷಿಗೆ ಬರುತ್ತಾರೆ, ಮತ್ತೆ ಬರುತ್ತಾರೆ. ಅದೇನೂ ಕೆಲಸವಿಲ್ಲದವರ ಖುಷಿಯಲ್ಲ. ಅಹಮದಾಬಾದಿನಲ್ಲಿ ವಿಕ್ರಮ್ ಸಾರಾಭಾಯಿ ಕಟ್ಟಿದ ಸಮುದಾಯ ವಿಜ್ಞಾನ ಕೇಂದ್ರಕ್ಕೆ 1968ರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಹೋಗಿ, ಆಕಾಶ ಏಕೆ ನೀಲಿ ಎಂದು ಉಪನ್ಯಾಸ ಕೊಟ್ಟವರು ಸಿ. ವಿ. ರಾಮನ್. ಆಗ ಅವರಿಗೆ 80 ವರ್ಷ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 2009ರಿಂದ 'ಚಾಯ್ ಅಂಡ್ ವೈ' ಎಂಬ ಹೆಸರಿನಲ್ಲಿ ಜುಹುವಿನ ಪೃಥ್ವಿ ಥಿಯೇಟರಿನಲ್ಲಿ ಭಾನುವಾರದ ಬೆಳಗ್ಗೆ ಕೂರುತ್ತಾರೆ. ನಾಟಕ ನೋಡಲು ಬಂದವರೂ ನಿಂತು ಕೇಳಬಹುದಾದ ಜಾಗ ಅದು. ಇಂಥ ಕೂಟಕ್ಕೆ ಕೆಫೆ ಸೈಂಟಿಫಿಕ್ ಎಂದು ಹೆಸರಿಟ್ಟು 1998ರಲ್ಲಿ ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಶುರು ಮಾಡಿದ ಡಂಕನ್ ಡಲ್ಲಾಸ್ ವಿಜ್ಞಾನಿಯೂ ಅಲ್ಲ, ಮೇಷ್ಟರೂ ಅಲ್ಲ, ಟೆಲಿವಿಷನ್ ಕಾರ್ಯಕ್ರಮ ಮಾಡುತ್ತಿದ್ದವರು. ಪ್ಯಾರಿಸಿನ ಕೆಫೆಯೊಂದರಲ್ಲಿ ಮಾರ್ಕ್ ಸೋಟೆ ನಡೆಸುತ್ತಿದ್ದ ತತ್ವಶಾಸ್ತ್ರದ ಹರಟೆಯ ಮಾದರಿಯನ್ನು ಅವರು ವಿಜ್ಞಾನಕ್ಕೆ ತಂದರು, ಅಷ್ಟೇ. ಕ್ಯಾಮರಾದಲ್ಲಿ ಮಾತಾಡಿಸಿ ಮಾತಾಡಿಸಿ, ತೆರೆಯಾಚೆ ಕೂತವನು ತಿರುಗಿ ಒಂದು ಪ್ರಶ್ನೆಯನ್ನೂ ಕೇಳಲಾರ ಎಂಬುದು ಅವರಿಗೆ ಬೇಸರ ಬರಿಸಿರಬೇಕು.

ವಿದ್ಯಾರ್ಥಿಗೆ ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ಅವನ ಅಜ್ಜನ ತೋಟದಲ್ಲೇ ಇದೆ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೂಲ ಹುಡುಕಿದ್ದು ಸೂಕ್ಷ್ಮದರ್ಶಕದಲ್ಲಿ, ನಿಜ. ಆದರೆ ಅದಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ನಮ್ಮ ಮಳೆಗೆ ನಿಲ್ಲುತ್ತದೋ ಇಲ್ಲವೋ ಎಂದು ತಿಳಿದದ್ದು ಮಲೆನಾಡಿನ ತೋಟಗಳಲ್ಲಿ. ತೊಳೆದುಹೋಗದಂತೆ ಅದಕ್ಕೆ ರಾಳ ಮತ್ತು ಸೋಡಾ ಸೇರಿಸಬೇಕಾಯಿತು. ತುದಿಗೆ ಹತ್ತಿ ಹೊಡೆದವರು ಊರಿನವರು. ಅವರೊಡನೆ ಮಾತಾಡದೆ ಆ ಕೆಲಸ ಆಗುವಂತಿರಲಿಲ್ಲ.

ಈಗ ಪ್ರಾಧ್ಯಾಪಕರ ಆಕ್ಷೇಪ. ಅವರು ನನಗೂ ಪಾಠ ಹೇಳಿದವರು, ಆದ್ದರಿಂದ ಸ್ವಲ್ಪ ಭಯದಿಂದಲೇ ಬರೆಯುತ್ತಿದ್ದೇನೆ. "ವಿಜ್ಞಾನವನ್ನು ಸರಳ ಮಾಡಿದರೆ ಅದು ಸುಳ್ಳಾಗುತ್ತದೆ. ಅದರಲ್ಲೂ ಕನ್ನಡದಲ್ಲಿ. ಪದವೇ ಇಲ್ಲದ ಮೇಲೆ ಏನು ಹೇಳುತ್ತೀರಿ?" ಎಂದರು.

ಪದದ ವಿಚಾರ ಬೇಗ ಮುಗಿಸುತ್ತೇನೆ. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಇಬ್ಬರೂ ಸೇರಿ 'ವಿಜ್ಞಾನ' ಎಂಬ ಕನ್ನಡ ಮಾಸಪತ್ರಿಕೆ ತೆಗೆದದ್ದು 1918ರಲ್ಲಿ. ಪದವಿಲ್ಲ ಎಂಬ ದೂರಿಗೆ ನೂರು ವರ್ಷ ಹಿಂದೆಯೇ ಕೈಯಾರೆ ಉತ್ತರ ಕೊಟ್ಟವರು ಅವರು. ಇನ್ನೊಂದು ಸಂಗತಿ ಸರ್‌ಗೆ ಗೊತ್ತಿರಲಿಕ್ಕೂ ಸಾಕು. ಕಾಫಿ ಗಿಡದ ಎಲೆ ಕೊಳೆಸುವ ಶಿಲೀಂಧ್ರಕ್ಕೆ 1876ರಲ್ಲಿ ಇಂಗ್ಲೆಂಡಿನ ಎಂ. ಸಿ. ಕುಕ್ ಲ್ಯಾಟಿನ್ ಕ್ರಮದಲ್ಲಿ ಇಟ್ಟ ಹೆಸರು ಪೆಲ್ಲಿಕುಲೇರಿಯ ಕೊಳೆರೋಗ. ಮೈಸೂರು ಸೀಮೆಯ ತೋಟದವರು ಕರೆಯುತ್ತಿದ್ದ ಹೆಸರೇ ಹಾಗೇ ಹಡಗು ಹತ್ತಿತು. ನಮ್ಮ ಮಾತು ಲ್ಯಾಟಿನ್ನಿಗೆ ಸಲ್ಲುತ್ತದೆ, ನಮ್ಮ ಸಭಾಂಗಣಕ್ಕೆ ಸಲ್ಲುವುದಿಲ್ಲವೇ?

ಸರಳತೆಯ ಮಾತು ಮಾತ್ರ ತೂಕದ್ದು. ಸರಳ ಮಾಡುವ ಹೆಸರಿನಲ್ಲಿ ಹಸಿ ಸುಳ್ಳು ಹೇಳುವವರನ್ನು ನಾನೂ ಕೇಳಿದ್ದೇನೆ. ಆದರೆ ಹೋದ ಮಳೆಗಾಲದ ಮೊದಲು ಆದದ್ದನ್ನು ಹೇಳುತ್ತೇನೆ. ಸಸ್ಯರೋಗ ತಜ್ಞರೊಬ್ಬರು ಬಂದಿದ್ದರು. ಕೈಯಲ್ಲಿ ಸ್ಲೈಡ್ ಇರಲಿಲ್ಲ, ಮೂರು ಪ್ಲಾಸ್ಟಿಕ್ ಬಕೆಟ್ ಇತ್ತು. ಒಂದರಲ್ಲಿ ಮೈಲುತುತ್ತ ಕರಗಿಸಿದರು, ಇನ್ನೊಂದರಲ್ಲಿ ಸುಣ್ಣ ಕದಡಿದರು, ಎರಡನ್ನೂ ಒಟ್ಟಿಗೆ ಮೂರನೆಯದಕ್ಕೆ ಸುರಿದರು. ನವಿಲಿನ ಕತ್ತಿನ ಬಣ್ಣ ಬಂತು. ನೂರು ಲೀಟರ್ ನೀರಿಗೆ ಕಿಲೋ ಮೈಲುತುತ್ತ, ಕಿಲೋ ಸುಣ್ಣ ಎಂಬುದು ನಮ್ಮೂರಲ್ಲಿ ಮಕ್ಕಳಿಗೂ ಬಾಯಿಪಾಠ. ಅವರು ಒಂದು ಹೊಸ ಬ್ಲೇಡನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದು ಮುಂದಿನ ಸಾಲಿಗೆ ಕೊಟ್ಟರು. ಬ್ಲೇಡಿನ ಮೇಲೆ ಕೆಂಪು ಕೂತಿತ್ತು. ಸುಣ್ಣ ಹಳೆಯದು, ಸಾಲಲಿಲ್ಲ, ಬಿಡಿ ತಾಮ್ರ ಉಳಿದಿದೆ, ಹೀಗೇ ಹೊಡೆದರೆ ಹಿಂಗಾರ ಸುಡುತ್ತದೆ ಎಂದರು. ಇನ್ನೊಂದು ಮುಷ್ಟಿ ಸುಣ್ಣ ಹಾಕಿದ ಮೇಲೆ ಎರಡನೇ ಬ್ಲೇಡು ಬೆಳ್ಳಗೇ ಬಂತು.

ಅಲ್ಲಿಯವರೆಗೆ ಗೊತ್ತಿದ್ದದ್ದೇ. ಆಮೇಲೆ ಅವರೊಂದು ಮಾತು ಅಂದರು: "ನೀವು ಬೂಸ್ಟು ಬೂಸ್ಟು ಅಂತೀರಲ್ಲ, ಕೊಳೆರೋಗ ಮಾಡುವ ಜೀವಿ ಬೂಸ್ಟಿನ ಜಾತಿಯದೇ ಅಲ್ಲ. ನೀರಿನ ಪಾಚಿಗೆ ದೂರದ ನೆಂಟ. ಅದರ ಬೀಜಾಣುವಿಗೆ ಬಾಲ ಇದೆ. ಈಜುತ್ತದೆ." ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಕೊಳೆಸಿ ಬರಗಾಲ ತಂದದ್ದೂ ಇದರದೇ ಕುಲದ್ದು ಎಂದು ಸೇರಿಸಿದರು. ಸಭೆ ಅದನ್ನು ಅಷ್ಟು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು 'ಈಜುತ್ತದೆ' ಎಂಬಲ್ಲೇ ನಿಂತಿದ್ದರು. ಚಹಾ ಮುಗಿದ ಮೇಲೆ ಎದ್ದು, "ಈಜಲಿಕ್ಕೆ ನೀರು ಬೇಕು. ನಮ್ಮ ಅಪ್ಪಯ್ಯ ಔಷಧಿ ಹೊಡೀತಿರಲಿಲ್ಲ, ಅಡಿಕೆ ಕೊನೆಗೆ ಹುಲ್ಲಿನ ಕೊಟ್ಟೆ ಕಟ್ಟಿಸ್ತಿದ್ರು. ಕೊನೆ ನೆನೆಯದೇ ಇದ್ರೆ ಅದಕ್ಕೆ ಕೆರೆಯೇ ಇಲ್ಲ ಅಂತಾಯ್ತಲ್ಲ?" ಎಂದರು. ತಜ್ಞರು ಕೂತಲ್ಲಿಂದ ಎದ್ದು ನಿಂತರು. ಹೌದು ಎಂದರು. ಕೊಟ್ಟೆಯ ಹುಲ್ಲು ಯಾವುದು, ಯಾವ ತಿಂಗಳಲ್ಲಿ ಕಟ್ಟುತ್ತಿದ್ದರು, ಗಾಳಿಗೆ ಹಾರುತ್ತಿತ್ತೇ ಎಂದು ಅವರೇ ಕೇಳತೊಡಗಿದರು.

ಸರ್, ಇದರಲ್ಲಿ ಸುಳ್ಳಾದದ್ದು ಯಾವುದು? ಜೀವಿಯ ಲ್ಯಾಟಿನ್ ಹೆಸರನ್ನು ಸಭೆಯಲ್ಲಿ ಯಾರೂ ಬರೆದುಕೊಳ್ಳಲಿಲ್ಲ, ಒಪ್ಪುತ್ತೇನೆ. ಆದರೆ ಆ ಹಿರಿಯರು ಒಂದು ಸಂಗತಿಯಿಂದ ಇನ್ನೊಂದನ್ನು ತಾವೇ ತೆಗೆದರು. ನೀವು ತರಗತಿಯಲ್ಲಿ ನಮ್ಮಿಂದ ಬಯಸುತ್ತಿದ್ದದ್ದೂ ಅದನ್ನೇ ಅಲ್ಲವೇ?

"ಸಾಮಾನ್ಯರ ಪ್ರಶ್ನೆಗೆ ತಲೆಬುಡ ಇರುವುದಿಲ್ಲ" ಎಂಬುದು ಮೂರನೆಯ ಆಕ್ಷೇಪ. ಇದನ್ನು ಹೇಳಿದವರು ಒಬ್ಬರಲ್ಲ, ಸುಮಾರು ಜನ ನಕ್ಕರು. ತಲೆಬುಡವಿಲ್ಲದ ಪ್ರಶ್ನೆ ಬರುವುದು ಸುಳ್ಳಲ್ಲ. ಪ್ರತಿ ಸಲವೂ ಒಬ್ಬರು ಪುಷ್ಪಕ ವಿಮಾನವನ್ನು ತರುತ್ತಾರೆ, ಇನ್ನೊಬ್ಬರಿಗೆ ಪ್ರಶ್ನೆಯೇ ಇರುವುದಿಲ್ಲ, ಭಾಷಣವಿರುತ್ತದೆ. ಅವರಿಗೆಂದೇ ನಮ್ಮಲ್ಲಿ ಎರಡು ನಿಮಿಷದ ಗಂಟೆಯಿದೆ. ಆದರೆ ಈ ಕೂಟ ಯಾಕೆ ಬೇಕು ಎಂದು ನನಗೆ ಮನವರಿಕೆಯಾದದ್ದು ಒಂದು ಪ್ರಶ್ನೆಯಿಂದಲೇ.

ಮಂಗನ ಕಾಯಿಲೆ ನಮ್ಮ ಜಿಲ್ಲೆಯ ಸೊತ್ತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತವು, ಜನಕ್ಕೆ ಜ್ವರ ಬಂತು, ವೈರಸ್ಸಿಗೆ ಆ ಕಾಡಿನದೇ ಹೆಸರು ಬಿತ್ತು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಅದು ಮಾಡಿದ ಅನಾಹುತ ಇಲ್ಲಿ ಯಾರಿಗೂ ಮರೆತಿಲ್ಲ. ಅದರ ಬಗ್ಗೆ ಮಾತಾಡಲು ಬಂದವರು ಕೀಟಶಾಸ್ತ್ರ ಓದಿದವರು, ವಯಸ್ಸು ಚಿಕ್ಕದು, ಕನ್ನಡ ಚೆನ್ನಾಗಿತ್ತು. ರೋಗ ಹರಡುವ ಉಣುಗು ಮರಿ ಹಂತದಲ್ಲಿ ಎಳ್ಳಿಗಿಂತ ಸಣ್ಣದು, ಕಾಲಿಗೆ ಹತ್ತಿದರೂ ಕಾಣುವುದಿಲ್ಲ. ಮಳೆಗಾಲ ಕಳೆದ ಮೇಲೆ, ಡಿಸೆಂಬರಿನಿಂದ ಬೇಸಿಗೆಯವರೆಗೆ ಕಾಡಿನ ಒಣಎಲೆಯಲ್ಲಿ ಅದರ ಕಾಲ. ಮುಸಿಯವೋ ಕೆಂಪು ಮೂತಿಯ ಮಂಗವೋ ಸತ್ತು ಬಿದ್ದರೆ ಅದರ ಮೈಮೇಲಿನ ಉಣುಗೆಲ್ಲ ಅಲ್ಲೇ ಉದುರುತ್ತವೆ, ಹತ್ತಿರ ಹೋಗಬೇಡಿ, ತಕ್ಷಣ ಆಸ್ಪತ್ರೆಗೆ ತಿಳಿಸಿ. ಎಲ್ಲ ಒಪ್ಪವಾಗಿ ಹೇಳಿದರು. ಕೊನೆಗೆ, "ಈ ತಿಂಗಳುಗಳಲ್ಲಿ ಕಾಡಿಗೆ ಹೋಗುವುದನ್ನು, ದರಗು ತರುವುದನ್ನು ಆದಷ್ಟು ಬಿಡಿ" ಎಂದರು.

ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹೆಂಗಸು, ಕುರ್ಚಿಯಿದ್ದರೂ ಕೂತಿರಲಿಲ್ಲ, ಕೇಳಿದಳು: "ಡಾಕ್ಟ್ರೇ, ದರಗು ಉದುರೂದೇ ಆ ತಿಂಗಳಲ್ಲಿ. ತರಬೇಡಿ ಅಂದ್ರೆ ಕೊಟ್ಟಿಗೆಗೆ ಏನು ಹಾಸಲಿ?"

ಅವರು ಎಣ್ಣೆ ಹಚ್ಚಿಕೊಂಡು ಹೋಗಬಹುದು ಎಂದರು. "ಮೈಗೆ ಹಚ್ಕೊಳ್ತೀನಿ. ಹೆಡಿಗೇಲಿ ಬರ್ತಾವಲ್ಲ, ಅವಕ್ಕೆ? ಹೊರೆ ತಲೆ ಮೇಲೆ ಇರ್ತದೆ. ಕೊಟ್ಟಿಗೇಲಿ ಹಾಸಿದ ಮೇಲೆ ದನಕ್ಕೆ ಹತ್ತೋದಿಲ್ವಾ? ಹಾಲು ಕರೆಯೋಕೆ ನಾನೇ ಕೂರೋದು."

ಸಭಾಂಗಣದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಇಲ್ಲ. ಅವರು ಸ್ವಲ್ಪ ಹೊತ್ತು ನೆಲ ನೋಡಿದರು. "ಗೊತ್ತಿಲ್ಲಮ್ಮ" ಎಂದರು. "ಬಿಸಿಲಲ್ಲಿ ಹರವಿದರೆ ಎಷ್ಟು ದಿನಕ್ಕೆ ಸಾಯುತ್ತವೆ, ಹೊರೆಯಲ್ಲಿ ಎಷ್ಟು ಬರುತ್ತವೆ, ನಾನು ಎಣಿಸಿ ನೋಡಿಲ್ಲ." ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡರು.

ನಲವತ್ತು ವರ್ಷ ವೇದಿಕೆಗಳ ಎದುರು ಕೂತವನು ನಾನು. ವೇದಿಕೆಯ ಮೇಲಿದ್ದವರು 'ಗೊತ್ತಿಲ್ಲ' ಎಂದದ್ದನ್ನು ಕೇಳಿದ್ದು ಅದೇ ಮೊದಲು. ಆ ಹೆಂಗಸಿಗೆ ಉತ್ತರ ಸಿಗಲಿಲ್ಲ, ಬೇಸರವೂ ಆಗಿರಬಹುದು. ಆದರೆ ಅವಳದು ತಲೆಬುಡವಿಲ್ಲದ ಪ್ರಶ್ನೆಯಾಗಿತ್ತು ಎನ್ನುವವರು ಎದ್ದು ಕೈ ಎತ್ತಲಿ. ಯಾವ ಪ್ರಬಂಧದ ಕೊನೆಯ ಪುಟದಲ್ಲೂ ಅಷ್ಟು ಸ್ಪಷ್ಟವಾಗಿ ಮುಂದಿನ ಕೆಲಸ ಏನೆಂದು ಬರೆದಿರುವುದಿಲ್ಲ. ಈ ಕೂಟದಲ್ಲಿ ವಿಜ್ಞಾನಿ ಕೊಡುತ್ತಾರೆ, ಜನ ಕೈಯೊಡ್ಡುತ್ತಾರೆ ಎಂದುಕೊಂಡವರು ಆ ದಿನ ಬಂದಿರಲಿಲ್ಲ. ಅರ್ಧ ಗಂಟೆಯ ಉಪನ್ಯಾಸ ಚಹಾಕ್ಕಿಂತ ಮೊದಲಿನ ಉಪಚಾರ. ನಾವು ಸಭಾಂಗಣ ಕೇಳುವುದು ಆಮೇಲಿನ ಒಂದೂವರೆ ತಾಸಿಗೆ.

ದೇವಸ್ಥಾನ ಸಮಿತಿಯವರೂ ನನ್ನ ವಿಚಾರವಾದಿ ಗೆಳೆಯನೂ ಒಂದೇ ಬೆಂಚಿನಲ್ಲಿ ಕೂತಿದ್ದರು, ಇಬ್ಬರಿಗೂ ಒಟ್ಟಿಗೆ ಉತ್ತರಿಸಬಹುದು. ಒಬ್ಬರ ಪ್ರಕಾರ ನಾವು ನಂಬಿಕೆಯ ಬುಡಕ್ಕೆ ಕೊಡಲಿ ಹಾಕುತ್ತಿದ್ದೇವೆ. ಇನ್ನೊಬ್ಬನ ಪ್ರಕಾರ ಮೌಢ್ಯವನ್ನು ಮುಟ್ಟದೆ ಚಹಾ ಕುಡಿಸಿ ಕಳಿಸುತ್ತಿದ್ದೇವೆ. ಎರಡೂ ನಿಜವಾಗಿರಲಾರದು.

2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ನಾವು ಬಸ್ ನಿಲ್ದಾಣದ ಪಕ್ಕ ಸೌರ ಕನ್ನಡಕ ಹಿಡಿದು ನಿಂತಿದ್ದೆವು. ಅದೇ ಬೆಳಗ್ಗೆ ಕಲಬುರಗಿ ಕಡೆ ಅಂಗವಿಕಲ ಮಕ್ಕಳನ್ನು, ಗುಣವಾಗುತ್ತದೆಂಬ ನಂಬಿಕೆಯಿಂದ, ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ಆ ಚಿತ್ರ ಮರುದಿನ ಪತ್ರಿಕೆಯಲ್ಲಿ ನೋಡಿದಾಗ ಗೆಳೆಯ ನನಗೆ ಫೋನು ಮಾಡಿ, "ನೀನು ಕನ್ನಡಕ ಹಂಚುತ್ತಾ ಇರು" ಎಂದು ಬೈದ. ಅವನ ಸಿಟ್ಟಿಗೆ ನನ್ನ ಗೌರವವಿದೆ. ಆದರೆ ಆ ಬೆಳಗ್ಗೆ ನಮ್ಮ ಬೀದಿಯ ಅಜ್ಜಿಯೊಬ್ಬರು ಮೊಮ್ಮಗಳ ಕೈ ಹಿಡಿದು ಬಂದು, ಕನ್ನಡಕ ಹಾಕಿಕೊಂಡು, "ಬಿದಿಗೆ ಚಂದ್ರನ ಹಾಗೆ ಆಗಿದಾನಲ್ಲೋ ಸೂರ್ಯ" ಎಂದು ತುಂಬ ಹೊತ್ತು ನೋಡಿದರು. ಆಮೇಲೆ ಮನೆಗೆ ಹೋಗಿ ತಲೆಗೆ ಸ್ನಾನವನ್ನೂ ಮಾಡಿದರು. ಗೆಳೆಯನಿಗೆ ಆ ಸ್ನಾನ ಸೋಲಾಗಿ ಕಂಡಿತು. ಸಮಿತಿಯವರಿಗೆ ಅವರು ಹೊರಗೆ ಬಂದದ್ದೇ ತಪ್ಪಾಗಿ ಕಂಡಿತು. ನನಗೆ ಕಂಡದ್ದು ಇಷ್ಟೇ, ಗ್ರಹಣ ಎಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಮನೆಯ ಮೊಮ್ಮಗಳು ಅವತ್ತು ಸೂರ್ಯನನ್ನು ನೋಡಿದಳು.

ಎಚ್. ನರಸಿಂಹಯ್ಯನವರ ಹೆಸರನ್ನು ಗೆಳೆಯ ಮಾತುಮಾತಿಗೆ ತರುತ್ತಾನೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ ಪವಾಡಗಳ ತನಿಖೆಗೆ ಸಮಿತಿ ಮಾಡಿದ ಎಚ್ಚೆನ್ ಅವನಿಗೆ ಇಷ್ಟ. ನನಗೂ ಇಷ್ಟ. ಆದರೆ ಅದೇ ಎಚ್ಚೆನ್ 1962ರಲ್ಲೇ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ, ವಾರವಾರವೂ ಯಾರು ಬೇಕಾದರೂ ಬಂದು ಕೂರಬಹುದಾದ ವಿಜ್ಞಾನ ಉಪನ್ಯಾಸಗಳನ್ನು ನಡೆಸಿದರು. ಪವಾಡಕ್ಕೆ ಸವಾಲು ಹಾಕುವ ಮುಂಚೆ ಹದಿನಾಲ್ಕು ವರ್ಷ ಅವರು ಕುರ್ಚಿ ಜೋಡಿಸಿದ್ದಾರೆ. ಗೆಳೆಯ ಆ ಹದಿನಾಲ್ಕು ವರ್ಷವನ್ನು ಹಾರಿ ನೇರ ಸವಾಲಿಗೇ ಹೋಗುತ್ತಾನೆ.

"ಎಲ್ಲ ಯೂಟ್ಯೂಬಿನಲ್ಲಿದೆ" ಎಂದ ಯುವಕರಿಗೆ ಉದ್ದದ ಉತ್ತರ ಬೇಡ. ಏಪ್ರಿಲಿನಲ್ಲಿ ನೆರಳಿಲ್ಲದ ದಿನ ನೋಡಬೇಕೆಂದು ಅವರೇ ಹೊರಟಿದ್ದರು. ಫೋನು 24ನೇ ತಾರೀಖು ಎಂದಿತು. ಮಧ್ಯಾಹ್ನ ಅಂಗಳದಲ್ಲಿ ಚೊಂಬು ಇಟ್ಟು ಕೂತರು, ನೆರಳು ಹೋಗಲೇ ಇಲ್ಲ. ಅದು ಬೆಂಗಳೂರಿನ ದಿನ. ಬೆಂಗಳೂರು 13 ಡಿಗ್ರಿ ಅಕ್ಷಾಂಶದ ಊರು, ನಾವು 14 ದಾಟಿದವರು, ನಮ್ಮಲ್ಲಿಗೆ ಸೂರ್ಯ ಬರುವುದು ಮೂರು ನಾಲ್ಕು ದಿನ ತಡ ಎಂದು ಸಭಾಂಗಣದಲ್ಲಿ ಒಬ್ಬ ಹೈಸ್ಕೂಲು ಮೇಷ್ಟ್ರು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದರು. ಗೋಡೆ ಹಾಳಾಯಿತು ಎಂಬ ದೂರು ಮಹಾಸಭೆಯಲ್ಲಿ ಬಂದದ್ದು ಆ ಗೋಡೆಯದೇ. ಅದಕ್ಕೆ ಸುಣ್ಣ ಹೊಡೆಸಿಕೊಡುತ್ತೇವೆ.

ಕೊನೆಯ ಆಕ್ಷೇಪಕ್ಕೆ ನನ್ನಲ್ಲಿ ಪ್ರತ್ಯುತ್ತರವಿಲ್ಲ. ಹೇಳಿದವರು ಸಂಘದ ಗುಮಾಸ್ತರು, ಅವರು ವಾದಕ್ಕೂ ಹೇಳಲಿಲ್ಲ. "ಬರುವವರು ಅವರವರೇ ಅಲ್ವಾ ಸಾರ್" ಎಂದರು. ಹೌದು, ಅವರವರೇ. ತೋಟದ ಯಜಮಾನರು, ಮೇಷ್ಟರು, ಪೆನ್ಷನ್ ಬಂದವರು, ಪರೀಕ್ಷೆ ಇಲ್ಲದ ತಿಂಗಳಲ್ಲಿ ಒಂದಷ್ಟು ಮಕ್ಕಳು. ಕೊಳೆರೋಗದ ಮಾತಿಗೆ ಮರ ಹತ್ತುವ ಕೊನೆಗೌಡ ಒಬ್ಬನೂ ಬಂದಿರಲಿಲ್ಲ. ಒಬ್ಬನನ್ನು ಕೇಳಿದೆ. "ಭಾನುವಾರ ನಾಲ್ಕಕ್ಕೆ ನಾವು ಮರದ ಮೇಲೇ ಇರ್ತೀವಲ್ರ" ಎಂದ. ಏಳು ಗಂಟೆಗೆ ಇಟ್ಟು ನೋಡಿದೆವು. ಹಳ್ಳಿಗಳ ಕಡೆಯ ಕೊನೆಯ ಬಸ್ಸು ಆರೂಮುಕ್ಕಾಲಿಗೆ. ದರಗಿನ ಪ್ರಶ್ನೆ ಕೇಳಿದ ಹೆಂಗಸು ಕೂಡ ಅವತ್ತು ಸಭೆಗೆಂದು ಬಂದವಳಲ್ಲ. ಕೆಳಗೆ ನ್ಯಾಯಬೆಲೆ ಅಂಗಡಿಯ ಸಾಲು ಉದ್ದವಿತ್ತು, ಮೇಲೆ ಏನೋ ಮಾತು ಕೇಳಿತು, ಹತ್ತಿ ಬಂದಳು. ಆಮೇಲೆ ಬಂದಿಲ್ಲ.

ಹಾಗಾಗಿ ಸಂಘದ ಅಧ್ಯಕ್ಷರಲ್ಲಿ ನಮ್ಮದೊಂದು ಅರಿಕೆ. ಡಿಸೆಂಬರಿನ ಎರಡನೇ ಭಾನುವಾರಕ್ಕೆ ಸಭಾಂಗಣ ಬೇಡ, ಬೇರೆಯವರಿಗೆ ಬಾಡಿಗೆಗೆ ಕೊಟ್ಟುಕೊಳ್ಳಲಿ. ಅಡಿಕೆ ಸುಗ್ಗಿ ಅದು. ಹತ್ತಾರು ಹೆಂಗಸರು ರಾತ್ರಿ ಹತ್ತರವರೆಗೂ ಚಪ್ಪರದ ಕೆಳಗೆ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಸುಲಿಯುತ್ತಿರುತ್ತಾರೆ. ಕೂಲಿ ಡಬ್ಬದ ಲೆಕ್ಕ, ಕೈ ನಿಂತರೆ ದುಡ್ಡು ನಿಂತಿತು, ಆದರೆ ಕಿವಿ ಬಿಡುವಾಗಿರುತ್ತದೆ. ಜನವರಿಯಲ್ಲಿ ದರಗಿಗೆ ಕಾಡಿಗೆ ಹೋಗುವವರೂ ಅವರೇ. ಉಣುಗಿನ ವಿಜ್ಞಾನಿಗೆ ಫೋನು ಮಾಡಿ ಹೇಳಿದೆ, ಬರುತ್ತೇನೆ ಎಂದರು. ಹೊರೆಯನ್ನು ಬಿಸಿಲಿಗೆ ಹರವುವುದರ ಬಗ್ಗೆ ಒಂದಷ್ಟು ಎಣಿಸಿ ನೋಡುತ್ತಿದ್ದಾರಂತೆ, ಇನ್ನೂ ಮುಗಿದಿಲ್ಲವಂತೆ. ಚಪ್ಪರದಲ್ಲಿ ಪ್ರೊಜೆಕ್ಟರ್ ಇಡಲು ಜಾಗವಿದೆಯೇ ಎಂದು ಕೇಳಿದರು. ಇಲ್ಲ, ಮಣೆ ಕೊಡುತ್ತೇವೆ, ಅಡಿಕೆ ಸುಲಿಯಲು ಬರುತ್ತದೆಯೇ ಎಂದು ಕೇಳಿದೆ.